ಹೊಲದ ಬಂದೂಕಿಗೆ ಒಂದೇ ಈಡು ಸಾಕು

ಕಡಿಮೆ ದುಡ್ಡಿಗೆ ನಂಬಿಕಸ್ತ ಆಟೋಮ್ಯಾಟಿಕ್ ಬಂದೂಕು ಯಾವುದು ಸಿಗುತ್ತೆ ಅಂತ ನಮ್ಮ ಸೀಮೆಯ ಹುಡುಗರು ಈಗ ಕಂಡಕಂಡಲ್ಲಿ ವಿಚಾರಿಸ್ತಿದ್ದಾರೆ. ಯಾಕೆ ಅಂತ ಕೇಳಬೇಕಾಗಿಲ್ಲ. ಶೇಂಗಾ ಕಾಯಿ ಕಟ್ಟಿದ ಮೇಲೆ, ಮೆಕ್ಕೆಜೋಳ ಹಾಲುಗಾಳು ಹಿಡಿದ ಮೇಲೆ ಹಂದಿ ಹಿಂಡು ಒಂದು ರಾತ್ರಿ ನುಗ್ಗಿದರೆ ಸಾಕು, ಬೆಳಗಾಗೋದರೊಳಗೆ ಹೊಲ ಉತ್ತ ಹಾಗೆ ಆಗಿರುತ್ತೆ. ಮಳೆ ಬಂದು, ಬೀಜ ಹುಟ್ಟಿ, ರೋಗ ತಪ್ಪಿಸಿಕೊಂಡು ಕೈಗೆ ಬಂದ ಬೆಳೆ ಹೀಗೆ ಹೋದರೆ ಯಾರಿಗಾದರೂ ಸಿಟ್ಟು ಬರುತ್ತೆ. ಆ ಸಿಟ್ಟಿನಲ್ಲಿ, ಒಂದಾದ ಮೇಲೊಂದು ಐದು ಈಡು ಹಾರುವ ಬಂದೂಕು ಇದ್ದಿದ್ದರೆ ಅನ್ನಿಸೋದು ಸಹಜ.

ನನ್ನ ಹತ್ತಿರ ಒಂಟಿ ನಳಿಗೆಯ ತೋಟಾ ಬಂದೂಕು ಇದೆ. ಅಪ್ಪನ ಕಾಲದ್ದು. ಲೈಸೆನ್ಸು ನನ್ನ ಹೆಸರಿಗೆ ಆಗಿ ಹದಿನೆಂಟು ವರ್ಷ ಆಯ್ತು. ಏಳನೇ ಕ್ಲಾಸಿನವರೆಗೆ ಮಾತ್ರ ಓದಿದವನು ನಾನು. ಕಾನೂನಿನ ಕಾಗದಗಳನ್ನು ಮಗಳ ಕೈಲಿ ಓದಿಸಿ ತಿಳಿದುಕೊಂಡಿದ್ದೇನೆ. ಇಷ್ಟರ ಮೇಲೆ ನನ್ನ ಅಭಿಪ್ರಾಯ ಹೇಳಿಬಿಡ್ತೇನೆ. ಸಣ್ಣ ಹಿಡುವಳಿಯ ಒಣಬೇಸಾಯದವನಿಗೆ ಆಟೋಮ್ಯಾಟಿಕ್ ಬೇಡ, ಸರ್ಕಾರ ಮೊದಲು ಕೊಡುವ ಕೇಪಿನ ಬಂದೂಕೂ ಬೇಡ. ನಡುವೆ ಮಡಚಿ ತೋಟಾ ಹಾಕುವ ಒಂಟಿ ನಳಿಗೆಯೇ ನಮಗೆ ಸರಿ. ಕಾರಣ ಒಂದೇ: ಬಂದೂಕು ಬರಿದಾಗಿದೆಯೋ ಇಲ್ಲವೋ ಅನ್ನೋದು ಕತ್ತಲಲ್ಲೂ, ಸುಸ್ತಾದವನಿಗೂ, ಅವನ ಹೆಂಡತಿ ಮಕ್ಕಳಿಗೂ ಒಂದೇ ನಿಮಿಷದಲ್ಲಿ ಗೊತ್ತಾಗಬೇಕು.

ಆಟೋಮ್ಯಾಟಿಕ್ ಅಂದರೆ ಏನು?

ನಮ್ಮವರು ಆಟೋಮ್ಯಾಟಿಕ್ ಅನ್ನೋದು ನಿಜದಲ್ಲಿ ಸೆಮಿ ಆಟೋಮ್ಯಾಟಿಕ್. ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ಈಡು. ಆದರೆ ಸುಟ್ಟ ತೋಟಾ ತಾನೇ ಹೊರಗೆ ಬಿದ್ದು, ಕೊಳವೆಯಲ್ಲಿರುವ ಇನ್ನೊಂದು ತೋಟಾ ತಾನೇ ನಳಿಗೆಗೆ ಬಂದು ಕೂರುತ್ತೆ. ಇದಕ್ಕೆ ಬೇಕಾದ ಬಲ ಎರಡು ರೀತಿಯಲ್ಲಿ ಬರುತ್ತೆ. ಕೆಲವದರಲ್ಲಿ ನಳಿಗೆಯಲ್ಲಿ ಸಣ್ಣ ತೂತು ಇರುತ್ತೆ, ಮದ್ದಿನ ಹೊಗೆ ಅದರೊಳಗಿಂದ ನುಗ್ಗಿ ಒಂದು ಪಿಸ್ಟನ್ ತಳ್ಳುತ್ತೆ. ಇನ್ನು ಕೆಲವದರಲ್ಲಿ ಬಂದೂಕು ಭುಜಕ್ಕೆ ಒದೆಯುವ ಬಲವೇ ಆ ಕೆಲಸ ಮಾಡುತ್ತೆ. ಈ ಎರಡನೇ ಜಾತಿಯಲ್ಲಿ ಹೆಸರಾದದ್ದು ಅಮೆರಿಕದ ಜಾನ್ ಬ್ರೌನಿಂಗ್ ರೂಪಿಸಿದ ಆಟೋ-5. ಬೆಲ್ಜಿಯಂನಲ್ಲಿ 1902ರಿಂದ ತಯಾರಾಗತೊಡಗಿ ಹತ್ತಿರ ಹತ್ತಿರ ನೂರು ವರ್ಷ ನಡೆಯಿತು. ಒಳ್ಳೆಯ ಯಂತ್ರ ಅನ್ನೋದರಲ್ಲಿ ಅನುಮಾನ ಇಲ್ಲ.

ಆದರೆ ಒಳ್ಳೆಯ ಯಂತ್ರ ಬೇರೆ, ನಮ್ಮ ಹೊಲಕ್ಕೆ ಒಗ್ಗುವ ಯಂತ್ರ ಬೇರೆ. ಹೊಗೆಯಿಂದ ನಡೆಯುವುದರಲ್ಲಿ ತೂತಿಗೆ, ಪಿಸ್ಟನ್ನಿಗೆ ಮಸಿ ಕಟ್ಟುತ್ತೆ. ಬಿಚ್ಚಿ ಒರೆಸಿ ಎಣ್ಣೆ ಹಾಕದಿದ್ದರೆ ತೋಟಾ ಅರ್ಧಕ್ಕೆ ಸಿಕ್ಕಿಕೊಳ್ಳುತ್ತೆ. ಎಣ್ಣೆ ಹೆಚ್ಚಾದರೆ ನಮ್ಮ ಕೆಂಪು ಧೂಳು ಅದಕ್ಕೇ ಮೆತ್ತಿಕೊಳ್ಳುತ್ತೆ. ಒದೆತದಿಂದ ನಡೆಯುವ ಆಟೋ-5ರಲ್ಲಿ ಒಳಗೆ ಉಂಗುರಗಳಿವೆ. ಹಗುರ ತೋಟಾಕ್ಕೆ ಒಂದು ಜೋಡಣೆ, ಭಾರದ ತೋಟಾಕ್ಕೆ ಇನ್ನೊಂದು. ಜೋಡಣೆ ತಪ್ಪಿದರೆ ಒಂದೋ ತೋಟಾ ಹೊರಗೆ ಬೀಳಲ್ಲ, ಇಲ್ಲವೋ ಬಂದೂಕು ತನ್ನನ್ನು ತಾನೇ ಜಜ್ಜಿಕೊಳ್ಳುತ್ತೆ. ಇನ್ನು ತೋಟಾ ಹಳೆಯದಾಗಿ ಮದ್ದಿನ ಬಲ ಕುಂದಿದ್ದರೆ ಎರಡು ಜಾತಿಯವೂ ಮುನಿಸಿಕೊಳ್ತವೆ. ಒಂಟಿ ನಳಿಗೆಗೆ ಈ ಯಾವ ರಗಳೆಯೂ ಇಲ್ಲ. ತೋಟಾದ ಬಲ ಏನೇ ಇರಲಿ, ಖಾಲಿ ಮಾಡುವುದು ನಮ್ಮ ಕೈ.

ಕಾನೂನು ಏನು ಹೇಳುತ್ತೆ?

ಇದು ಬರೀ ಇಷ್ಟಾನಿಷ್ಟದ ಮಾತೂ ಅಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಸೆಮಿ ಆಟೋಮ್ಯಾಟಿಕ್ ಬಂದೂಕುಗಳನ್ನು ಒಂದನೇ ವರ್ಗದ 'ಬಿ' ಭಾಗಕ್ಕೆ ಹಾಕಿದ್ದಾರೆ. 20 ಅಂಗುಲಕ್ಕಿಂತ ಗಿಡ್ಡ ನಳಿಗೆಯ ಬಂದೂಕುಗಳೂ ಅಲ್ಲೇ ಇವೆ. ಇವಕ್ಕೆ ನಿರ್ಬಂಧಿತ ಆಯುಧ ಅಂತ ಹೆಸರು. ಪ್ರಾಣಕ್ಕೆ ದೊಡ್ಡ ಅಪಾಯ ಇರುವಂಥವರಿಗೆ ಬೇರೆಯದೇ ನಿಯಮದಲ್ಲಿ ಕೊಡುವಂಥವು ಇವು. ಬೆಳೆ ಕಾಯೋಕೆ ಬೇಕು ಅಂತ ಅರ್ಜಿ ಹಾಕಿದರೆ ಸಿಗುವುದಲ್ಲ. ಜೊತೆಗೆ 1980ರ ದಶಕದ ನಡುವಿನಿಂದ ಸಾಮಾನ್ಯ ಜನ ಹೊರದೇಶದ ಬಂದೂಕು ತರಿಸೋದಕ್ಕೆ ತಡೆ ಬಿದ್ದಿದೆ. ಹಾಗಾಗಿ ನಮ್ಮಲ್ಲಿ ಅಲ್ಲಲ್ಲಿ ಇರುವ ಆಟೋಮ್ಯಾಟಿಕ್‌ಗಳೆಲ್ಲ ಹಳೆಯವು, ಬಿಡಿಭಾಗ ಸಿಗದವು. ಯಾರಾದರೂ "ಅಗ್ಗಕ್ಕೆ ಕೊಡಿಸ್ತೀನಿ, ಕಾಗದ ಆಮೇಲೆ ನೋಡ್ಕಳಾನ" ಅಂದರೆ ಅಂಥವರ ನೆರಳಿಗೂ ಹೋಗಬೇಡಿ. ಬೆಳೆಯ ಜೊತೆ ಮನೆಯೂ ಹೋಗುತ್ತೆ.

"ಕೊಡಗಿನಲ್ಲಿ ಲೈಸೆನ್ಸೇ ಬೇಡವಂತೆ, ನಮಗ್ಯಾಕೆ ಬೇಕು?" ಅಂತ ವಾದ ಮಾಡುವವರಿದ್ದಾರೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿ ಹಳೆಯದು. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಹತ್ತು ವರ್ಷಕ್ಕೆ, ಅಂದರೆ 2029ರವರೆಗೆ ಮುಂದುವರಿಸಿತು. ಅದು ಅವರಿಗೆ ಮಾತ್ರ. ಬಯಲುಸೀಮೆಯವರು ಅದನ್ನು ತೋರಿಸಿ ಪ್ರಯೋಜನ ಇಲ್ಲ.

ಪಂಪ್ ಆಕ್ಷನ್ ಅಂತ ಇನ್ನೊಂದು ಇದೆ. ಸರ್ಕಾರಿ ಆರ್ಡ್ನೆನ್ಸ್ ಕಾರ್ಖಾನೆಯೇ 12 ಬೋರಿನದನ್ನು ಮಾಡುತ್ತೆ. ನಳಿಗೆಯ ಕೆಳಗಿನ ಹಿಡಿಯನ್ನು ಕೈಯಿಂದ ಹಿಂದಕ್ಕೆ ಮುಂದಕ್ಕೆ ಎಳೆದರೆ ಒಂದು ತೋಟಾ ಹೋಗಿ ಇನ್ನೊಂದು ಬರುತ್ತೆ. ಮದ್ದಿನ ಬಲದ ಹಂಗಿಲ್ಲದೆ ಕೈಬಲದಲ್ಲಿ ನಡೆಯೋದರಿಂದ ಆಟೋಮ್ಯಾಟಿಕ್‌ಗಿಂತ ಇದು ವಾಸಿ. ಆದರೆ ನಾನು ವಿಚಾರಿಸಿದಾಗ ಅದರ ಬೆಲೆ ಒಂದು ಒಳ್ಳೆ ಕರೆಯುವ ಎಮ್ಮೆಯ ಬೆಲೆಗೆ ಬಂತು. ಎಮ್ಮೆ ಹಾಲು ಕೊಡುತ್ತೆ, ಇದು ಗೋಡೆಗೆ ಒರಗಿರುತ್ತೆ. ಜೊತೆಗೆ ಕೊಳವೆಯಲ್ಲಿ ಇನ್ನೆಷ್ಟು ತೋಟಾ ಉಳಿದಿವೆ ಅನ್ನೋದು ಹೊರಗಿನಿಂದ ಕಾಣಲ್ಲ. ನನ್ನ ತಕರಾರು ಅಲ್ಲೇ ಇರೋದು.

ಕೇಪಿನ ಬಂದೂಕಿನ ಕಷ್ಟ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಬೆಳೆ ರಕ್ಷಣೆಗೆ ಅಂತ ಹೇಳುವುದು ಬಾಯಿಂದ ಮದ್ದು ತುಂಬುವ ಬಂದೂಕನ್ನು. ನಾವು ಕೇಪಿನ ಬಂದೂಕು ಅಂತೀವಿ. ನಳಿಗೆಯ ಬಾಯಿಗೆ ಕರಿಮದ್ದು ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಗಿಡಿದು, ಹಿಂದುಗಡೆ ಕೇಪು ಇಟ್ಟು ಹೊಡೆಯೋದು. ಅಗ್ಗ, ಒಂದು ಸಲಕ್ಕೆ ಒಂದೇ ಈಡು, ಅಪಾಯ ಕಡಿಮೆ ಅಂತ ಕಾಯ್ದೆ ಮಾಡಿದವರ ಲೆಕ್ಕ ಇರಬೇಕು.

ಹೊಲದಲ್ಲಿ ಕಾದವರ ಲೆಕ್ಕ ಬೇರೆ. ಒಂದು ಸಲ ತುಂಬಿದ ಕೇಪಿನ ಬಂದೂಕನ್ನು ಬರಿದು ಮಾಡುವ ಸುಲಭದ ದಾರಿ ಹಾರಿಸೋದು ಒಂದೇ. ಹಂದಿ ಬರಲಿಲ್ಲ ಅಂದರೆ ಬೆಳಿಗ್ಗೆ ತುಂಬಿದ ಬಂದೂಕನ್ನೇ ಹೆಗಲಿಗೆ ಹಾಕಿಕೊಂಡು ಮನೆಗೆ ಬರ್ತಾರೆ. ಕೇಪು ತೆಗೆದಿದ್ದೀನಿ ಅನ್ನೋ ಧೈರ್ಯದಲ್ಲಿ ಮೂಲೆಗೆ ನಿಲ್ಲಿಸ್ತಾರೆ. ಮಾರನೇ ದಿನ ತುಂಬಿದ್ದು ಮರೆತು ಇನ್ನೊಂದು ಸಲ ತುಂಬಿದರೆ ನಳಿಗೆ ಸಿಡಿಯುತ್ತೆ. ಕರಿಮದ್ದು ಥಂಡಿ ಎಳೆದುಕೊಳ್ಳುತ್ತೆ. ಹಾರಿಸಿದ ಮೇಲೆ ಬಿಸಿನೀರಲ್ಲಿ ತೊಳೆಯದಿದ್ದರೆ ಅದರ ಮಸಿ ನಳಿಗೆಯನ್ನು ತಿಂದು ಹಾಕುತ್ತೆ. ಇನ್ನೂ ಒಂದು ಮಾತು. ತೋಟಾ ಒಡೆದು ಅದರೊಳಗಿನ ಹೊಗೆಯಿಲ್ಲದ ಮದ್ದನ್ನು ಕೇಪಿನ ಬಂದೂಕಿಗೆ ಹಾಕುವ ಬುದ್ಧಿವಂತರು ಅಲ್ಲಲ್ಲಿ ಇದ್ದಾರೆ. ಆ ಮದ್ದಿನ ಬಲವೇ ಬೇರೆ, ಹಳೆ ನಳಿಗೆ ತಡೆಯಲ್ಲ. ಯಾವ ಕಾರಣಕ್ಕೂ ಹಾಗೆ ಮಾಡಬೇಡಿ.

ಹೀಗೆ ನೋಡಿದರೆ ಅತಿ ಹಳೆಯ ಬಂದೂಕಿಗೂ ಅತಿ ಹೊಸದಕ್ಕೂ ದೋಷ ಒಂದೇ. ಕೇಪಿನದು ಹಾರಿಸದೆ ಬರಿದಾಗಲ್ಲ. ಆಟೋಮ್ಯಾಟಿಕ್ ಹಾರಿಸಿದರೂ ಬರಿದಾಗಲ್ಲ, ಒಂದು ಈಡು ಹೋದ ಕೂಡಲೇ ಇನ್ನೊಂದು ತಯಾರಾಗಿ ಕೂತಿರುತ್ತೆ. ಬದು ದಾಟುವಾಗ, ಜಾಲಿ ಬೇಲಿ ನುಸಿಯುವಾಗ, ನಿದ್ದೆಗಣ್ಣಲ್ಲಿ ಅಟ್ಟಣೆ ಇಳಿಯುವಾಗ ಈ ಎರಡೂ ಒಂದೇ ಥರ ಅಪಾಯ. ಮಡಚುವ ಒಂಟಿ ನಳಿಗೆಯಲ್ಲಿ ಹಾಗಲ್ಲ. ಮಡಚಿ ತೋಟಾ ತೆಗೆದು ಜೇಬಿಗೆ ಹಾಕಿದರೆ ಮುಗೀತು. ಮಡಚಿದ ಬಂದೂಕು ಹಾರಲ್ಲ, ಅದು ದೂರದಿಂದ ನೋಡಿದವರಿಗೂ ಗೊತ್ತಾಗುತ್ತೆ.

ಕಾಯ್ದೆಯಲ್ಲೇ ಇದಕ್ಕೆ ದಾರಿ ಇದೆ. ಅದೇ 13ನೇ ಕಲಮಿನಲ್ಲಿ, ಕೇಪಿನ ಬಂದೂಕು ಬೆಳೆ ರಕ್ಷಣೆಗೆ ಸಾಲದು ಅಂತ ಲೈಸೆನ್ಸು ಕೊಡುವ ಅಧಿಕಾರಿಗೆ ಮನವರಿಕೆ ಆದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ, ಒಳಗೆ ನುಣುಪಾದ ಬೇರೆ ಬಂದೂಕಿಗೂ ಲೈಸೆನ್ಸು ಕೊಡಬಹುದು ಅಂತ ಬರೆದಿದೆ. ನಮ್ಮವರು ಅರ್ಜಿಯಲ್ಲಿ 'ಬೆಳೆ ರಕ್ಷಣೆಗೆ ಬಂದೂಕು' ಅಂತ ಬರೆದು ಸುಮ್ಮನಾಗ್ತಾರೆ. ಹಾಗಲ್ಲ, ಕಲಮಿನ ನಂಬರು ಹಾಕಿ, ಯಾವ ಬೆಳೆ, ಎಷ್ಟು ಎಕರೆ, ಯಾವ ಪ್ರಾಣಿ, ಕೇಪಿನದು ಯಾಕೆ ಸಾಲದು ಅಂತ ಕಾರಣ ಬರೆಯಬೇಕು. ಪಹಣಿ, ಬೆಳೆಹಾನಿಗೆ ಹಾಕಿದ ಹಳೆ ಅರ್ಜಿಗಳ ನಕಲು ಲಗತ್ತಿಸಬೇಕು. ಡಿ.ಸಿ. ಸಾಹೇಬರೂ ಈ ಅವಕಾಶವನ್ನು ಸಣ್ಣ ರೈತರ ವಿಷಯದಲ್ಲಿ ಧಾರಾಳವಾಗಿ ಬಳಸಬೇಕು ಅನ್ನೋದು ನನ್ನ ಬೇಡಿಕೆ. ಇದು ಹೆಚ್ಚು ಬಲದ ಬಂದೂಕಿಗಾಗಿ ಕೇಳುವ ಮಾತಲ್ಲ, ಕಡಿಮೆ ಅಪಾಯದ ಬಂದೂಕಿಗಾಗಿ ಕೇಳುವ ಮಾತು.

ಕೊಳ್ಳುವಾಗ ನೋಡಬೇಕಾದ್ದು

ಬೋರು 12ರದೇ ಇರಲಿ. ಹಳೆ 16 ಬೋರಿನದು ಅಗ್ಗಕ್ಕೆ ಬಂದರೂ ತೋಟಾ 12ರಷ್ಟು ಸುಲಭಕ್ಕೆ ಸಿಗಲ್ಲ. 12ಕ್ಕಾದರೆ ನಮ್ಮ ದೇಶದ ಶಕ್ತಿಮಾನ್ ತೋಟಾ ಇದೆ. ತೋಟಾದ ಉದ್ದವನ್ನೂ ನೋಡಬೇಕು. 65 ಮಿಲಿಮೀಟರಿನವೂ ಇವೆ, 70 ಮಿಲಿಮೀಟರಿನವೂ ಇವೆ. ಹಳೆ ಬಂದೂಕಿನ ಮನೆ 65ರದ್ದಾಗಿದ್ದರೆ 70ರ ತೋಟಾ ಹಾಕಬಾರದು. ಒಳಗೆ ಹೋಗುತ್ತೆ, ಆದರೆ ಹಾರಿಸಿದಾಗ ಬಾಯಿ ಬಿಚ್ಚೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ನಳಿಗೆಯ ಬುಡದಲ್ಲಿ ಕೊರೆದ ಗುರುತನ್ನು ಓದಿಸಿಕೊಂಡೇ ತೋಟಾ ಕೊಳ್ಳಿ.

ಹಳೆ ಬಂದೂಕು ತಗೊಳ್ಳುವಾಗ ಮೊದಲು ಮಡಚಿ, ಬರಿದಾಗಿದೆ ಅಂತ ಖಾತ್ರಿ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಒಳಗೆ ಉಂಗುರದ ಹಾಗೆ ನೆರಳು ಕಂಡರೆ ಅಲ್ಲಿ ಉಬ್ಬಿದೆ ಅಂತ ಅರ್ಥ, ಬಿಟ್ಟುಬಿಡಿ. ತುಕ್ಕಿನ ಗುಳಿ ಆಳವಾಗಿದ್ದರೂ ಬೇಡ. ಮುಚ್ಚಿ ಅಲ್ಲಾಡಿಸಿದರೆ ನಳಿಗೆಗೂ ಹಿಂಭಾಗಕ್ಕೂ ನಡುವೆ ಲೊಡಲೊಡ ಅನ್ನಬಾರದು, ಸಂದಿನಲ್ಲಿ ಬೆಳಕು ಕಾಣಬಾರದು. ಕುದುರೆ ಎಳೆದು ನಿಲ್ಲಿಸಿ, ಹಿಂಭಾಗಕ್ಕೆ ಅಂಗೈಯಿಂದ ತಟ್ಟಿದರೆ ಅದು ಬೀಳಬಾರದು. ಮರದ ಹಿಡಿ ಸೀಳಿ ತಂತಿ ಸುತ್ತಿದ್ದರೆ ಮರ ಬದಲಿಸುವ ಖರ್ಚನ್ನೂ ಲೆಕ್ಕಕ್ಕೆ ಹಾಕಿ. ಎರಡು ನಳಿಗೆಯದು ತಗೊಳ್ಳೋ ಶಕ್ತಿ ಇದ್ದವರು ತಗೊಳ್ಳಲಿ. ಅದೂ ಮಡಚುವುದೇ, ಬರಿದಾದದ್ದು ಕಾಣುತ್ತೆ. ಆದರೆ ಬೆಲೆ ಹೆಚ್ಚು, ತೂಕ ಹೆಚ್ಚು.

ಅಂಗಡಿಯಲ್ಲಲ್ಲದೆ ಲೈಸೆನ್ಸುದಾರರಿಂದಲೇ ಕೊಳ್ಳುವುದಾದರೆ, ಮಾರುವವರು ಡಿ.ಸಿ.ಗೋ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಳೆದಿರಬೇಕು. ಕೊಳ್ಳುವವರ ಕೈಯಲ್ಲೂ ಲೈಸೆನ್ಸು ಇರಬೇಕು. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ ಮೂರು ವರ್ಷದಿಂದ ಐದು ವರ್ಷಕ್ಕೆ ಏರಿದೆ, ಅದು ಅನುಕೂಲ. ಅದೇ ತಿದ್ದುಪಡಿಯಲ್ಲಿ ಮದುವೆ ಮೆರವಣಿಗೆಯಲ್ಲಿ ಜನರಿಗೆ ಅಪಾಯ ಆಗುವ ಹಾಗೆ ಬಂದೂಕು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ ಅಂತ ಬಂದಿದೆ. ಹೊಲದ ಬಂದೂಕು ಹೊಲಕ್ಕೇ ಇರಲಿ.

ಯಾವುದಕ್ಕೆ ಹೊಡೀತೀರಿ?

ಐದು ಈಡಿನ ಕನಸು ಕಾಣುವವರು ಈ ಪ್ರಶ್ನೆ ಕೇಳಿಕೊಳ್ಳಬೇಕು. ಬಂದೂಕಿನ ಲೈಸೆನ್ಸು ಬೇಟೆಯ ಲೈಸೆನ್ಸಲ್ಲ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ಕೃಷ್ಣಮೃಗ, ನವಿಲು ಒಂದನೇ ಪಟ್ಟಿಯಲ್ಲಿವೆ. ಬೆಳೆ ತಿಂತು ಅಂತ ಅವುಗಳ ಮೇಲೆ ಗುಂಡು ಹಾರಿಸೋ ಮಾತೇ ಇಲ್ಲ. ಕಾಡುಹಂದಿ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಹಾನಿ ಮಾಡುವ ಹಂದಿಯನ್ನು ಹೊಡೆಯೋಕೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟವರು ಕಾರಣ ಬರೆದು ಲಿಖಿತ ಅಪ್ಪಣೆ ಕೊಡಬೇಕು. ಅಪ್ಪಣೆ ಇಲ್ಲದೆ ಹೊಡೆದರೆ ಬೆಳೆ ಕಳಕೊಂಡವನೇ ಅಪರಾಧಿ ಆಗ್ತಾನೆ. ಪಕ್ಕದ ಕೇರಳದಲ್ಲಿ 2022ರಿಂದ ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೇ ಈ ಅಪ್ಪಣೆ ಕೊಡುವ ಅಧಿಕಾರ ಹಂಚಿದ್ದಾರೆ. ನಮ್ಮಲ್ಲೂ ಅಪ್ಪಣೆ ಕೊಡುವ ಕೈ ಹೊಲದ ಹತ್ತಿರಕ್ಕೆ ಬರಬೇಕು. ಹಂದಿ ನುಗ್ಗಿದ್ದು ಇವತ್ತು, ಕಾಗದ ಬರೋದು ಸುಗ್ಗಿ ಮುಗಿದ ಮೇಲೆ ಅನ್ನೋ ಹಾಗಾದರೆ ಕಾನೂನಿನ ಮೇಲೆ ಯಾರಿಗೆ ಗೌರವ ಉಳಿಯುತ್ತೆ?

ಅಲ್ಲಿಯವರೆಗೆ ನಮ್ಮ ಹೊಲದಲ್ಲಿ ಬಂದೂಕಿನ ಕೆಲಸ ಸದ್ದು ಮಾಡೋದು ಅಷ್ಟೇ. ಮಣ್ಣಿನ ಏರಿ ಎದುರಿಗಿರುವ, ಆಚೆ ಯಾರೂ ಇಲ್ಲ ಅಂತ ಹಗಲಲ್ಲೇ ನೋಡಿಕೊಂಡ ದಿಕ್ಕಿಗೆ ನಾನು ಈಡು ಹಾರಿಸ್ತೇನೆ. ವರ್ಷಕ್ಕೆ ಹತ್ತು ತೋಟಾ ಖರ್ಚಾದರೆ ಹೆಚ್ಚು. ಹಂದಿ ಓಡಿಹೋಗೋದು ಮೊದಲನೇ ಈಡಿಗೇ. ಅದಕ್ಕೆ ಓಡದ್ದು ಐದನೆಯದಕ್ಕೂ ಓಡಲ್ಲ, ಎದ್ದು ಹೋಗಿ ಡಬ್ಬ ಬಡಿದು, ನಾಯಿ ಬಿಟ್ಟು, ಕೂಗಬೇಕು.

ಇನ್ನು ಕತ್ತಲು. ಹಂದಿ ಬರೋದು ರಾತ್ರಿ. ಶೇಂಗಾ ಹೊಲದಲ್ಲಿ ಕರ್ರಗೆ ಅಲ್ಲಾಡಿದ್ದು ಹಂದಿಯೋ, ನೀರು ಕಟ್ಟೋಕೆ ಹೊರಟ ಪಕ್ಕದ ಹೊಲದವನೋ, ತಪ್ಪಿಸಿಕೊಂಡ ಎಮ್ಮೆಗರುವೋ? ಟಾರ್ಚು ಬಿಟ್ಟು ನೋಡುವಷ್ಟು ತಾಳ್ಮೆ ಒಂದೇ ತೋಟಾ ಇದ್ದವನಿಗೆ ತಾನಾಗೇ ಬರುತ್ತೆ. ಐದಿದ್ದವನ ಬೆರಳು ಮನಸ್ಸಿಗಿಂತ ಮುಂದೆ ಓಡುತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ, ಅಜಾಗರೂಕತೆಯಿಂದ ಒಬ್ಬರ ಪ್ರಾಣ ತೆಗೆದರೆ ಐದು ವರ್ಷದವರೆಗೆ ಜೈಲು. ಜೈಲಿನ ಮಾತು ಹಾಗಿರಲಿ, ಪಕ್ಕದ ಹೊಲದವನ ಮಕ್ಕಳ ಮುಖವನ್ನು ದಿನಾ ಹೇಗೆ ನೋಡ್ತೀರಿ? ಹಂದಿ ತಿಂದ ಶೇಂಗಾ ಮುಂದಿನ ಮುಂಗಾರಿಗೆ ಮತ್ತೆ ಬಿತ್ತಬಹುದು.

ಬಂದೂಕು ಸಿಗಲ್ಲ ಅಂತ ಬೇಲಿಗೆ ಕರೆಂಟು ಬಿಡುವವರು, ತಿನಿಸಿನೊಳಗೆ ಸಿಡಿಮದ್ದು ಇಡುವವರು ಇದ್ದಾರೆ. ಇವು ಹಂದಿಯನ್ನೂ ದನವನ್ನೂ ಮನುಷ್ಯರನ್ನೂ ಒಂದೇ ಥರ ಕೊಲ್ತವೆ. ಇದಕ್ಕಿಂತ ಒಂದು ಒಂಟಿ ನಳಿಗೆ ಸಾವಿರ ಪಾಲು ಮೇಲು ಅನ್ನೋದನ್ನು ಅಧಿಕಾರಿಗಳೂ ಮನಸ್ಸಿಗೆ ತಂದುಕೊಳ್ಳಬೇಕು. ಚುನಾವಣೆ ಬಂದಾಗ ಎಲ್ಲರ ಬಂದೂಕನ್ನೂ ಠಾಣೆಗೆ ಕಟ್ಟಿಸಿಕೊಳ್ಳುವ ಬದಲು, ಬೆಳೆ ನಿಂತಿರುವ ಹೊಲದವರದ್ದನ್ನು ವಿಚಾರಿಸಿ ಬಿಡುವ ವ್ಯವಸ್ಥೆಯೂ ಆಗಬೇಕು.

ಬಂದೂಕು ಒಂದೇ ನಮ್ಮನ್ನು ಕಾಯಲ್ಲ. ನಮ್ಮ ಓಣಿಯ ಆರು ಹೊಲದವರು ಸರದಿ ಮೇಲೆ ರಾತ್ರಿ ಕಾಯ್ತೀವಿ. ಹೊಲಕ್ಕೆ ಹಳೆ ಸೀರೆ ಕಟ್ಟಿದ್ದೀವಿ. ಬಂದೂಕು ನನ್ನ ಸರದಿಯ ರಾತ್ರಿ ಮಾತ್ರ ಹೊರಗೆ ಬರುತ್ತೆ, ಯಾಕಂದರೆ ಲೈಸೆನ್ಸು ನನ್ನದು, ಬೇರೆಯವರ ಕೈಗೆ ಕೊಡುವ ಹಾಗಿಲ್ಲ. ಮನೆಗೆ ಬಂದ ಮೇಲೆ ಬಂದೂಕು ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ.

ಬಂದೂಕು ತಗೊಳ್ಳಬೇಕು ಅಂತಿರುವ ಹುಡುಗರಿಗೆ ನನ್ನದು ಇಷ್ಟೇ ಮಾತು: ಅಂಗಡಿಗೆ ಹೋದಾಗ ಎಷ್ಟು ಈಡು ಹಾರುತ್ತೆ ಅಂತ ಕೇಳಬೇಡಿ. ಇದನ್ನು ಬರಿದು ಮಾಡೋದು ಹೇಗೆ, ಬರಿದಾಗಿದೆ ಅಂತ ತಿಳಿಯೋದು ಹೇಗೆ ತೋರಿಸಿ ಅಂತ ಕೇಳಿ. 13ನೇ ಕಲಮಿನ ಪ್ರಕಾರ ಅರ್ಜಿ ಹಾಕಿ ತೋಟಾ ಬಂದೂಕಿಗೆ ಲೈಸೆನ್ಸು ಪಡೆದವರು, ಹಾಕಿಯೂ ಸಿಗದವರು ಪತ್ರಿಕೆಗೆ ಬರೆಯಿರಿ. ಯಾವ ಕಾರಣ ಕೊಟ್ಟರು ಅಂತ ಎಲ್ಲರಿಗೂ ಗೊತ್ತಾದರೆ ಮುಂದಿನವರ ಅರ್ಜಿ ಗಟ್ಟಿಯಾಗುತ್ತೆ.